ತವರಿನ ಬುಟ್ಟಿಗೆ ಇಳಿದ ರಾಣಿಜೇನು

ಆನವಟ್ಟಿಯಲ್ಲಿ ನಮ್ಮ ಬಸ್ಸು ಹೊರಡುವ ಹೊತ್ತಿಗೆ ಹಿಂಬದಿಯ ಏಣಿಗೆ ಜೇನುಹಿಂಡೊಂದು ಬಂದು ಕೂತಿತು. ಕಂಡಕ್ಟರ್ ಗೋಣಿಚೀಲಕ್ಕೆ ಬೆಂಕಿ ಹಚ್ಚಲು ಹೊರಟ. ಜೇನು ಸಾಕುವ ನಾನು ಓಡಿಹೋಗಿ ಅಡ್ಡ ನಿಂತೆ.

"ಸುಡಬೇಡ್ರೀ! ಮನೆ ಬಿಟ್ಟು ಬಂದ ಹಿಂಡು ಕಚ್ಚಲ್ಲ. ಒಂದು ಬುಟ್ಟಿ ಇದ್ರೆ ಕೊಡ್ರಿ" ಎಂದು ಕೂಗಿದೆ.

ಗಂಡನ ಮನೆಗೆ ಹೊರಟಿದ್ದ ಹುಡುಗಿಯೊಬ್ಬಳು ಮಡಿಲಕ್ಕಿಯನ್ನು ಸೆರಗಿಗೆ ಸುರಿದುಕೊಂಡು, ತವರಿನವರು ಕೊಟ್ಟ ಹೊಸ ಬುಟ್ಟಿಯನ್ನೇ ನನ್ನ ಕೈಗಿಟ್ಟಳು. ಹಿಂಡಿನ ನಡುವೆ ಬರಿಗೈ ಹಾಕಿ ರಾಣಿಯನ್ನು ಎತ್ತಿ ಅದರೊಳಗೆ ಬಿಟ್ಟೆ. ಒಂದು ಹುಳವೂ ಕಚ್ಚಲಿಲ್ಲ. ನೀರು ಹರಿದ ಹಾಗೆ ಇಡೀ ಹಿಂಡು ರಾಣಿಯ ಹಿಂದೆ ಇಳಿಯಿತು. ಮೇಲೆ ಟವೆಲ್ ಬಿಗಿದು ಬಸ್ ಹತ್ತಿದೆ.

"ಇವು ಮನೆ ಯಾಕೆ ಬಿಟ್ವು ಅಣ್ಣಾ?" ಎಂದಳು ಹುಡುಗಿ.

"ಹೊಸ ರಾಣಿ ಹುಟ್ಟೋ ಹೊತ್ತಿಗೆ, ತುಂಬಿದ ಮನೆನ ಮಗಳಿಗೆ ಬಿಟ್ಕೊಟ್ಟು ತಾಯೇ ಹೊರಡ್ತಾಳೆ ತಂಗಿ."

ಸೊರಬದಲ್ಲಿ ಅವಳು ಇಳಿಯಲು ಎದ್ದಳು. ಬುಟ್ಟಿಯನ್ನು ಆಮೇಲೆ ಮರಳಿ ಕಳಿಸುತ್ತೇನೆಂದರೆ ಬೇಡವೆಂದಳು. "ಆ ತಾಯಿಗೇ ಇರ್ಲಿ ಬಿಡಿ. ಮನೆ ಬಿಟ್ಟೋಳಿಗೆ ತವರಿಂದು ಅಂತ ಏನಾದ್ರೂ ಬೇಕಲ್ಲ."

ಆ ಹಿಂಡು ಈಗ ನನ್ನ ಪೆಟ್ಟಿಗೆಯಲ್ಲಿ ಸುಖವಾಗಿದೆ. ಪೆಟ್ಟಿಗೆಯ ಮೇಲೆ ಬುಟ್ಟಿಯನ್ನು ಬೋರಲು ಹಾಕಿಟ್ಟಿದ್ದೇನೆ. ಮನೆಯಲ್ಲಿ ಯಾರು ಕೇಳಿದರೂ ಕೊಡುವುದಿಲ್ಲ. ಅದು ರಾಣಿಯದು.