ಹಾಲಿನ ಕ್ಯಾನಿನ ಕೆಳಗಿನ ಚೋಳರು

ನನಗೆ ಚೋಳರ ಹುಚ್ಚು. ಕೆಜಿಎಫ್‌ನ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿರುವ ನಾನು ಬಂಗಾರಪೇಟೆ ಸ್ಟೇಷನ್ನಿನ ಮೆಟ್ಟಿಲು ಹತ್ತಿದರೇ ಏದುಸಿರು ಬಿಡುವವನು. ಆದರೆ ಚೋಳರು ಗಂಗರನ್ನು ಸೋಲಿಸಿ ಕೋಲಾರ ಹಿಡಿದದ್ದನ್ನೂ, ಗಂಗಾನದಿಯವರೆಗೆ ದಂಡು ಕಳಿಸಿದ್ದನ್ನೂ, ಸಮುದ್ರ ದಾಟಿ ಮಲಯದ ಕಡಾರ ಗೆದ್ದದ್ದನ್ನೂ ಹೇಳುವಾಗ ಆನೆಯ ಮೇಲೆ ನಾನೇ ಕೂತಿರುತ್ತೇನೆ. ಅಷ್ಟರಲ್ಲಿ ಹೆಂಡತಿ ಎರಡು ಸಲ ಊಟಕ್ಕೆ ಕರೆದಿರುತ್ತಾಳೆ.

ಇಂಥ ನನಗೆ, ರಜೆಯ ದಿನ ಹಳೆಯ ಕಲ್ಲು ಹುಡುಕುತ್ತ ಅಲೆಯುವಾಗ, ಬಂಗಾರಪೇಟೆ ಹತ್ತಿರದ ಬೂದಿಕೋಟೆಯ ಮುನಿಯಮ್ಮನ ಹಿತ್ತಲಲ್ಲಿ ಒಂದು ಶಾಸನ ಸಿಕ್ಕಿತು. ನಾಲ್ಕು ಹಸು ಸಾಕಿ ಡೈರಿಗೆ ಹಾಲು ಹಾಕುವ ಮುನಿಯಮ್ಮ, ಅರ್ಧ ಹೂತುಹೋಗಿದ್ದ ಆ ಕಲ್ಲಿನ ಮೇಲೆ ದಿನಾ ಕ್ಯಾನು ತಿಕ್ಕುತ್ತಿದ್ದಳು. ನೋಡಿದರೆ, ಪುಸ್ತಕದ ಚಿತ್ರಗಳಲ್ಲಿ ಕಂಡಿದ್ದಂಥ ಹಳೆಯ ತಮಿಳು ಅಕ್ಷರ! ಫೋಟೊ ತೆಗೆದು ಗಣಿ ಕಾರ್ಮಿಕರ ನಂದಿದುರ್ಗ ಲೈನಿನಲ್ಲಿರುವ ನನ್ನ ತಮಿಳು ಗೆಳೆಯನಿಗೆ ತೋರಿಸಿದೆ. ಅವನು ಫೋನನ್ನು ತಲೆಕೆಳಗು ಮಾಡಿಯೂ ನೋಡಿ, "ಇದು ನಮ್ ತಾತನ ತಾತಂಗೆ ಗೊತ್ತಿದ್ದ ತಮಿಳು ಸಾರ್, ನಂಗ್ ಬರಲ್ಲ" ಎಂದ. ನನಗಂತೂ ಯಾವ ತಮಿಳೂ ಬರುವುದಿಲ್ಲ.

ಮುಂದಿನ ವಾರ ಹೋದರೆ ಕಲ್ಲಿನ ಪಕ್ಕ ಸುತ್ತಿಗೆ! ಒಡೆದು ಕೊಟ್ಟಿಗೆಯ ನೆಲಕ್ಕೆ ಹಾಕುವುದಂತೆ. ನಾನು ಕಲ್ಲಿಗೆ ಅಡ್ಡ ನಿಂತೆ.

"ಇದು ಚೋಳರದು ಕಣಮ್ಮ!"

"ಯಾರ್ದಾದ್ರೇನ್ ಸಾ, ಅಸ ಕೆಸರಾಗ್ ಜಾರಿ ಬೀಳ್ತಾವೆ."

ಅಷ್ಟು ದೊಡ್ಡ ಸಾಮ್ರಾಜ್ಯ ಒಂದು ಜಾರುವ ಹಸುವಿನ ಮುಂದೆ ನಿಲ್ಲಲಾರದೆ ಹೋಯಿತು. ಬೇರೆ ದಾರಿ ಕಾಣದೆ ನಾನು ಕಲ್ಲಿನೆದುರು ಕುಕ್ಕರಗಾಲಲ್ಲಿ ಕೂತು, ಬೆರಳಾಡಿಸುತ್ತ ಗಂಭೀರವಾಗಿ ಓದಿದೆ: "ಇದನ್ನು ಕೆಡಿಸಿದವನು ಗಂಗೆಯ ತಡಿಯಲ್ಲಿ ಕಪಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುವನು." ಶಾಸನಗಳ ಕೊನೆಗೆ ಹೀಗೆ ಶಾಪ ಹಾಕುವುದು ವಾಡಿಕೆ, ಈ ಕಲ್ಲಿನಲ್ಲಿ ಏನಿತ್ತೋ ದೇವರೇ ಬಲ್ಲ. ಮುನಿಯಮ್ಮ ಕೆನ್ನೆ ಬಡಿದುಕೊಂಡಳು. ಸುತ್ತಿಗೆ ಒಳಗೆ ಹೋಯಿತು. ಗೆದ್ದ ಖುಷಿಗಿಂತ ಸುಳ್ಳಿನ ನಾಚಿಕೆಯೇ ಹೆಚ್ಚಾಗಿ, ಆಮೇಲೆ ಕೆಲವು ವಾರ ನಾನು ಆ ಕಡೆ ತಲೆ ಹಾಕಲಿಲ್ಲ.

ಕಡೆಗೆ ಅವಳೇ ಫೋನು ಮಾಡಿ ಕರೆದಳು. ಕೊಟ್ಟಿಗೆಗೆ ಬೇರೆ ಚಪ್ಪಡಿ ಬಂದಿತ್ತು. ಕಲ್ಲನ್ನು ಅಗೆಸಿ, ತೊಳೆದು, ಬಾಗಿಲ ಪಕ್ಕ ನೆಡಿಸಿದ್ದಳು. ರಾಜನ ಹೆಸರಿರಬೇಕಾದ ಮೊದಲ ಒಂದೆರಡು ಸಾಲುಗಳು ಕ್ಯಾನು ತಿಕ್ಕಿ ತಿಕ್ಕಿ ಸವೆದುಹೋಗಿದ್ದವು. ಮಣ್ಣಲ್ಲಿ ಹೂತಿದ್ದ ಭಾಗದಲ್ಲಿ ಮಾತ್ರ ಕತ್ತಿ ಹಿಡಿದು ನಿಂತ ಒಬ್ಬ ಆಳು, ಅವನ ಬೆನ್ನ ಹಿಂದೆ ಮೂರು ಹಸು. ದನಗಳ್ಳರನ್ನು ತಡೆದು ಸತ್ತವನ ವೀರಗಲ್ಲು ಅದು. ಅಷ್ಟು ದಿನ ನಾನು ಅದರಲ್ಲಿ ಚಕ್ರವರ್ತಿಯನ್ನು ಹುಡುಕುತ್ತಿದ್ದೆ.

ತಡೆಯಲಾಗದೆ ಬಾಯಿಬಿಟ್ಟೆ. "ನಂಗೆ ಓದೋಕೆ ಬರಲ್ಲ ಮುನಿಯಮ್ಮ. ಅವತ್ತು ಹೇಳಿದ್ದು ಸುಳ್ಳು."

"ಸರಿಯಾಗೇ ಓದಿದ್ರಲ್ಲ ಸಾ," ಎಂದಳು ಅವಳು, ಕಲ್ಲಿನ ಹಸುವಿಗೆ ಕುಂಕುಮ ಹಚ್ಚುತ್ತ. "ಅಸೀನ್ ಇಸ್ಯಾನೇ ಅಲ್ವಾ ಇರಾದು?"

ಚೋಳರ ಮಾತನ್ನು ನಾನೇನೂ ಬಿಟ್ಟಿಲ್ಲ. ಆದರೆ ಬೂದಿಕೋಟೆಗೆ ಹೋದಾಗ ಮೊದಲು ಹಸುಗಳ ಯೋಗಕ್ಷೇಮ ವಿಚಾರಿಸುತ್ತೇನೆ.