ದೇವರನ್ನು ಮೂರು ಸಲ ಕೇಳಿದ್ದು

ನಲವತ್ತೊಂದರ ವಯಸ್ಸಿಗೆ ನನಗೊಂದು ಗಂಡು ಬಂತು. ಕುಣಿಗಲ್ಲಿನವರು, ಪ್ರೈಮರಿ ಸ್ಕೂಲ್ ಮೇಷ್ಟ್ರು, ಹೆಂಡತಿ ತೀರಿಕೊಂಡಿದ್ದಾರೆ. ಹೋಟೆಲ್ಲೊಂದರಲ್ಲಿ ಕಾಫಿ ಕುಡಿದು, ಹತ್ತು ದಿನದಲ್ಲಿ ಹೇಳುತ್ತೇನೆ ಅಂದು ಬಂದೆ. ಅಲ್ಲಿಂದ ಶುರುವಾಯಿತು ನೋಡಿ ತಲೆಯೊಳಗಿನ ಸಂತೆ. ವಸಂತನರಸಾಪುರದ ಬಿಸ್ಕೆಟ್ ಫ್ಯಾಕ್ಟರಿಯಲ್ಲಿ ದಿನವಿಡೀ ಇದು ಪಾಸು, ಇದು ರಿಜೆಕ್ಟು ಎಂದು ಕಣ್ಣು ಮಿಟುಕಿಸದೆ ಹೇಳುವವಳು ನಾನು. ಶೆಟ್ಟಿಹಳ್ಳಿಯ ಮನೆಗೆ ಬಂದರೆ ಉಪ್ಪಿಟ್ಟೋ ಅವಲಕ್ಕಿಯೋ ಎಂಬುದೂ ತೀರ್ಮಾನವಾಗುತ್ತಿರಲಿಲ್ಲ.

ಅಮ್ಮ ನನ್ನ ಪರದಾಟ ನೋಡಲಾರದೆ ಗುಬ್ಬಿ ಹತ್ತಿರದ ಮನೆದೇವರ ಗುಡಿಗೆ ಎಳೆದುಕೊಂಡು ಹೋದಳು. ವಿಗ್ರಹದ ಎರಡೂ ಭುಜಕ್ಕೆ ಹೂ ಅಂಟಿಸಿ ಕೇಳುವುದು ನಮ್ಮ ಪದ್ಧತಿ. ಬಲಗಡೆಯದು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಬಲಗಡೆಯದು ತಟ್ಟನೆ ಬಿತ್ತು. ಅಷ್ಟಕ್ಕೆ ಕೈಮುಗಿದು ಎದ್ದಿದ್ದರೆ ಮುಗಿಯುತ್ತಿತ್ತು. ಗಾಳಿಗೆ ಬಿದ್ದಿರಬಹುದು ಅನ್ನಿಸಿ, ಫ್ಯಾನ್ ಆಫ್ ಮಾಡಿಸಿ ಇನ್ನೊಮ್ಮೆ ಕೇಳಿದೆ. ಎಡಗಡೆಯದು ಬಿತ್ತು. ಮೂರನೆಯ ಸಲ ಎರಡೂ ಒಟ್ಟಿಗೇ ಉದುರಿದವು.

"ಅವ್ನಿಗೂ ಬೇಜಾರಾಗಲ್ವೇನವ್ವಾ, ಎಷ್ಟ್ ಸಲ ಹೇಳ್ತಾನೆ, ಬುಡು" ಎಂದು ಪೂಜಾರಿ ಮಂಗಳಾರತಿ ತಟ್ಟೆ ಒಳಗಿಟ್ಟ.

ಮಾತಾಡಿದ್ದನ್ನೆಲ್ಲ ಬರೆದುಕೊಂಡು ವಿಂಗಡಿಸಿ ಕೊಡುವ ಆಪ್ ಒಂದು ನನ್ನ ಫೋನಿನಲ್ಲಿತ್ತು, ಫ್ಯಾಕ್ಟರಿ ರಿಪೋರ್ಟಿಗೆ ಬಳಸುತ್ತಿದ್ದೆ. ಒಂಬತ್ತನೆಯ ದಿನ ಬೆಳಿಗ್ಗೆ ಶಿರಾ ಗೇಟಿನಲ್ಲಿ ಕಂಪನಿ ಬಸ್ಸಿಗೆ ಕಾಯುತ್ತಾ ಅದರ ಮುಂದೆ ಎಲ್ಲವನ್ನೂ ಕಾರಿಕೊಂಡೆ. ಪಕ್ಕದಲ್ಲಿದ್ದವರು ಯಾರಿಗೋ ಉಗಿಯುತ್ತಿದ್ದೇನೆ ಅಂದುಕೊಂಡು ದೂರ ಸರಿದರು. ಅದು ನೀಟಾಗಿ ಪಟ್ಟಿ ಕೊಟ್ಟಿತು. ಹತ್ತೊಂಬತ್ತು ಚಿಂತೆ. ಅಮ್ಮನ ಮಂಡಿನೋವು, ಕುಣಿಗಲ್ಲಿಂದ ಫ್ಯಾಕ್ಟರಿಗೆ ಬಸ್ಸು, ಉಳಿದದ್ದೆಲ್ಲ ಚಿಕ್ಕಮ್ಮ ಏನಂತಾಳೆ, ಎದುರುಮನೆಯವರು ಏನಂತಾರೆ. ಕೆಳಗೆ ಒಂದು ಪ್ರಶ್ನೆ ಹಾಕಿತ್ತು: ಆ ವ್ಯಕ್ತಿಯ ಬಗ್ಗೆ ನೀವು ಏನೂ ಹೇಳಲಿಲ್ಲ, ಅವರು ಹೇಗೆ?

ಮೈ ಉರಿಯಿತು. ಫೋನಿನ ಕೈಲೂ ಹೇಳಿಸಿಕೊಳ್ಳಬೇಕಾಯಿತಲ್ಲ ಅಂತ. ಆಮೇಲೆ ನೆನಪಾಯಿತು. ಹೋಟೆಲ್ಲಿಂದ ಹೊರಡುವಾಗ ಅವರು ಮೆಲ್ಲಗೆ ಹೇಳಿದ್ದರು, ನಿಮಗೆ ಇಷ್ಟವಾಗದಿದ್ದರೆ ನಾನೇ ಒಪ್ಪಲಿಲ್ಲ ಅನ್ನುತ್ತೇನೆ, ನಿಮ್ಮನ್ನು ಯಾರೂ ಏನೂ ಅನ್ನದ ಹಾಗಿರಲಿ ಎಂದು. ಜನರ ಮಾತಿಗೆ ನಾನು ಹೆದರುತ್ತೇನೆಂದು ಅವರಿಗೆ ಆವತ್ತೇ ಗೊತ್ತಾಗಿತ್ತು. ನನಗೆ ಅಲ್ಲೇ, ಅಷ್ಟು ಜನರ ನಡುವೆ, ಅಳು ಬಂತು.

ಬಂದ ಬಸ್ಸನ್ನು ಹೋಗಗೊಟ್ಟು ಅವರಿಗೆ ಫೋನ್ ಮಾಡಿದೆ. ನನ್ನ ಮೂಗುಕಟ್ಟಿದ ದನಿ ಕೇಳಿ ಅವರೇ ಮೊದಲು ಕೇಳಿದರು.

"ನಾನೇ ಬೇಡ ಅಂದೆ ಅಂತ ಹೇಳ್ಬಿಡ್ಲಾ?"

"ಮೇಷ್ಟ್ರಾಗಿ ಸುಳ್ಳ್ ಹೇಳ್ಬಾರ್ದು" ಅಂದೆ. "ಭಾನುವಾರ ಮನೆಗ್ ಬನ್ನಿ."