ಕಪ್ಪೆಗಳ ಹಿಂದೆ ಉಮ್ಮನ ಮಾತು

ಮಿಜಾರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾ ಬಿಡುವಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ನನ್ನ ವಿಷಯ ಕಪ್ಪೆಗಳ ಕೂಗು. ಮುಂಡಾಜೆಯಲ್ಲಿ ಸಹೋದ್ಯೋಗಿಯೊಬ್ಬರ ಜಾಗದ ಅಂಚಿನಲ್ಲಿ ಒಂದು ತೋಡು ಹರಿಯುತ್ತದೆ. ಮಳೆಗಾಲದ ಸಂಜೆಗಳಲ್ಲಿ ಅದರ ದಂಡೆಯಲ್ಲಿ ರೆಕಾರ್ಡರ್ ಇಟ್ಟು ಕೂರುವುದು ನನ್ನ ಕೆಲಸ. ಹೊತ್ತು ಮುಳುಗುವಾಗ ಮಗಳು ನೀರಿನ ಬದಿಯಲ್ಲಿ ಒಬ್ಬಳೇ ಇರುವುದಕ್ಕೆ ಉಮ್ಮ ಒಪ್ಪಲಿಲ್ಲ. ಹಾಗಾಗಿ ಪಾಣೆಮಂಗಳೂರಿನ ಮನೆಯಿಂದ ಕಾರಿನಲ್ಲಿ ಇಬ್ಬರೂ ಹೊರಡುತ್ತಿದ್ದೆವು.

ನಾನು ಮೈಕ್ ಸರಿಮಾಡುವಷ್ಟರಲ್ಲಿ ಉಮ್ಮ ಬಂಡೆಯ ಮೇಲೆ ಹಳೆಯ ಬೆಡ್‌ಶೀಟ್ ಹಾಸಿ, ಫ್ಲಾಸ್ಕಿನ ಚಹಾ ಬಗ್ಗಿಸಿಕೊಂಡು, ಸೌದಿಯ ದಮ್ಮಾಮಿನಲ್ಲಿರುವ ತಮ್ಮ ತಂಗಿಗೆ ಫೋನ್ ಹಚ್ಚುತ್ತಿದ್ದರು. ಮೆಲ್ಲ ಮಾತಾಡಿ ಎಂದರೆ ಸ್ವಲ್ಪ ಹೊತ್ತು ಮೆಲ್ಲ. ಕಪ್ಪೆಗಳ ಸ್ವರ ಏರಿದ ಹಾಗೆ ಅವರ ಸ್ವರವೂ ಏರುತ್ತಿತ್ತು. ನಾನು ಮನೆಗೆ ಬಂದು ಕಂಪ್ಯೂಟರಿನಲ್ಲಿ ಉಮ್ಮನನ್ನು ಸೋಸಿ ಬದಿಗಿಟ್ಟು, ಉಳಿದ ಗದ್ದಲವನ್ನೂ ತೆಗೆದು, ಬರೀ ಕಪ್ಪೆಗಳನ್ನು ಉಳಿಸಿಕೊಳ್ಳುತ್ತಿದ್ದೆ.

ನನ್ನ ಮೊದಲ ಪ್ರಬಂಧವನ್ನು ಒಪ್ಪಿಕೊಂಡ ಪತ್ರಿಕೆಯವರು ಒಂದು ಷರತ್ತು ಹಾಕಿದರು. ಮೂಲ ಧ್ವನಿಮುದ್ರಣಗಳನ್ನೆಲ್ಲ, ಸೋಸುವ ಮೊದಲು ಹೇಗಿದ್ದವೋ ಹಾಗೆಯೇ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಂಟರ್ನೆಟ್ಟಿನಲ್ಲಿ ಇಡಬೇಕಿತ್ತು. ಮೂಡುಬಿದಿರೆಯಲ್ಲಿರುವ ನನ್ನ ಮಾರ್ಗದರ್ಶಕರಿಗೆ ಇದು ಸರಿ ಕಾಣಲಿಲ್ಲ. ನಿವೃತ್ತಿಯ ಹತ್ತಿರವಿದ್ದ ಅವರು ತಮ್ಮ ಜೀವಮಾನದ ಸಂಗ್ರಹವನ್ನು ಬೀಗ ಹಾಕಿದ ಕಪಾಟಿನಲ್ಲಿ ಕಾಪಾಡಿಕೊಂಡು ಬಂದವರು.

"ನೀವು ಮಳೆಯಲ್ಲಿ ಕೂತು ಮಾಡಿದ್ದನ್ನು ಇನ್ಯಾರೋ ಕುರ್ಚಿಯಲ್ಲಿ ಕೂತು ತೆಗೆದುಕೊಂಡು ಹೋಗ್ತಾರೆ" ಎಂದರು. ಆಮೇಲೆ, ಷರತ್ತು ಅಂದಮೇಲೆ ಮಾಡುವುದೇನು, ಹಾಕಿ ಎಂದು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ನನಗಿದ್ದ ಚಿಂತೆ ಬೇರೆ. ನಿಮ್ಮ ಮಾತು ಲೋಕಕ್ಕೆಲ್ಲ ಕೇಳುತ್ತದೆ, ಆಗಬಹುದಾ ಎಂದು ಉಮ್ಮನನ್ನು ಕೇಳಿದೆ. ಅವರು ಮೊದಲು ನಕ್ಕರು, ನಂತರ ಗಂಭೀರವಾದರು. ತಾನು ಏನೇನು ಮಾತಾಡಿದ್ದೇನೆಂದು ಅವರಿಗೇ ನೆನಪಿರಲಿಲ್ಲ. ಭಾನುವಾರಗಳಲ್ಲಿ ಊಟದ ಮೇಜಿನ ಮುಂದೆ ಕೂತು ಇಬ್ಬರೂ ಒಂದೊಂದನ್ನೇ ಕೇಳಿದೆವು. ಮೀನಿನ ರೇಟು, ಮಂಡಿನೋವು, ಅಡುಗೆ ಇದಕ್ಕೆಲ್ಲ ಅವರ ಅಡ್ಡಿಯಿರಲಿಲ್ಲ. ಸಂಬಂಧಿಕರ ಮನೆಯ ಸೊಸೆಯೊಬ್ಬಳ ವಿಷಯ ಬಂದಾಗ ಮಾತ್ರ ಕೈಯಲ್ಲಿದ್ದ ಬೀನ್ಸ್ ಕೆಳಗಿಟ್ಟು, "ಅದನ್ನು ತೆಗೆ. ಆ ಹುಡುಗಿ ಪಾಪದವಳು, ನಾನು ಹಾಗೆ ಹೇಳಬಾರದಿತ್ತು" ಎಂದರು. ತೆಗೆದೆ. ವಿವರಣೆಯ ಜಾಗದಲ್ಲಿ, ಮನೆಯ ಖಾಸಗಿ ಮಾತು ಇದ್ದುದರಿಂದ ಒಂದು ತುಣುಕನ್ನು ಕೈಬಿಡಲಾಗಿದೆ ಎಂದು ಪ್ರಾಮಾಣಿಕವಾಗಿ ಬರೆದೆ. ಪತ್ರಿಕೆಯವರಿಂದ ತಕರಾರು ಬರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಕಣ್ಣೂರಿನ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳ ಇಮೇಲ್ ಬಂತು. ಅವಳು ಚಿಮ್ಮಂಡೆಗಳನ್ನು ಅಧ್ಯಯನ ಮಾಡುವವಳು. ಸಂಜೆ ತರಗೆಲೆಯ ಅಡಿಯಿಂದ ಜೀರ್ ಎನ್ನುವ ಹುಳಗಳಿವೆಯಲ್ಲ, ಅವೇ. ಅವಳು ತನ್ನ ಊರಿನ ಗುಡ್ಡಗಳಲ್ಲಿ ಹುಡುಕಿ ಸೋತಿದ್ದ ಒಂದು ಜಾತಿಯ ಸದ್ದು ನನ್ನ ಮುದ್ರಣದಲ್ಲಿ, ಕಪ್ಪೆಗಳ ಹಿಂದೆ, ಸ್ಪಷ್ಟವಾಗಿ ಕೇಳುತ್ತಿತ್ತಂತೆ. ನಾನು ಗದ್ದಲವೆಂದು ತೆಗೆದುಹಾಕಿದ್ದ ಸದ್ದದು. ಇಮೇಲಿನ ಕೊನೆಯಲ್ಲಿ ಸಂಕೋಚದಿಂದ ಇನ್ನೊಂದು ಪ್ರಶ್ನೆ ಕೇಳಿದ್ದಳು. ನಮ್ಮ ಬ್ಯಾರಿ ಮಾತು ಅವಳ ಮಲಯಾಳಕ್ಕೆ ಹತ್ತಿರ. ಹಿಂದಿನಿಂದ ಕೇಳುವ ಹೆಂಗಸು ಮರುವಾಯಿ, ಅಂದರೆ ಹೊಳೆಯ ಚಿಪ್ಪುಮೀನು, ಬೇಯಿಸುವ ಕ್ರಮ ಹೇಳುತ್ತಿದ್ದಾರೆ. ಕಾಯಿ ಹುರಿದು ಅರೆಯುವವರೆಗೆ ಅರ್ಥವಾಯಿತು. ಹುಳಿಗೆ ಏನು ಹಾಕಬೇಕೆನ್ನುವಾಗ ಸರಿಯಾಗಿ ಕಪ್ಪೆ ಕೂಗಿದೆ. ಏನು ಹಾಕಬೇಕು?

ನಾನು ಕೂತಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ಓದಿ ಹೇಳಿದಾಗ ಉಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ. ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆಂದು ಮೊದಲೇ ಗೊತ್ತಿದ್ದವರ ಹಾಗೆ, "ಬಿಂಬುಳಿಕಾಯಿ ಅಂತ ಬರೆ. ಹುಣಸೆಹುಳಿ ಹಾಕಿದರೆ ರುಚಿ ಕೆಡುತ್ತದೆ. ಬರಹೇಳು ಅವಳನ್ನು, ಮಾಡಿ ಕೊಡ್ತೇನೆ" ಎಂದರು.

ಮುಂದಿನ ಮಳೆಗಾಲದಲ್ಲಿ ಅವಳು ಬಂದಳು. ಬಿ.ಸಿ. ರೋಡಿನಲ್ಲಿ ಬಸ್ಸಿಳಿದು, ಬೆನ್ನಿಗೆ ಚೀಲ ಹಾಕಿಕೊಂಡು ನಿಂತಿದ್ದ ಆ ತೆಳ್ಳಗಿನ ಹುಡುಗಿಯನ್ನು ಉಮ್ಮ ಮೊದಲು ಗುರುತಿಸಿದರು. ಮುಂಡಾಜೆಯವರೆಗೂ ಅವರು ಬ್ಯಾರಿಯಲ್ಲಿ, ಅವಳು ಮಲಯಾಳದಲ್ಲಿ ಮಾತಾಡುತ್ತಲೇ ಇದ್ದರು. ಕಾರು ಬಿಡುತ್ತಿದ್ದ ನನ್ನ ನೆನಪು ಇಬ್ಬರಿಗೂ ಇರಲಿಲ್ಲ. ಸಂಜೆ ತೋಡಿನ ಬದಿಯಲ್ಲಿ ಮೂವರೂ ಟಾರ್ಚ್ ಹಿಡಿದು ಬಗ್ಗಿ ತರಗೆಲೆ ಸರಿಸಿದೆವು. ಉಂಬಳಗಳು ಕಾಲಿಗೆ ಹತ್ತಿದವು. ಜೀರ್ ಸದ್ದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೇಳುತ್ತಿತ್ತು. ಹತ್ತಿರ ಹೋದರೆ ನಿಂತೇ ಹೋಗುತ್ತಿತ್ತು. ಕೊನೆಗೆ ಅವಳು ಒಂದು ಎಲೆಯನ್ನು ಉಸಿರು ಬಿಗಿಹಿಡಿದು ಎತ್ತಿದಳು. ಕಂದು ಬಣ್ಣದ, ಹೆಬ್ಬೆರಳ ಉಗುರಿಗಿಂತ ಚಿಕ್ಕ ಜೀವ. ಅವಳ ಕಣ್ಣು ತುಂಬಿತ್ತು. ಇಷ್ಟು ಸಣ್ಣದಾ ಎಂದು ಉಮ್ಮನಿಗೆ ಸ್ವಲ್ಪ ನಿರಾಸೆ.

ಮರುದಿನ ಮರುವಾಯಿ ಬೆಂದಿತು. ಅವಳು ಅಡುಗೆಮನೆಯಲ್ಲಿ ನಿಂತು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಳು.

ಚಿಮ್ಮಂಡೆಯ ಬಗ್ಗೆ ನಾವಿಬ್ಬರೂ ಸೇರಿ ಬರೆದ ಪ್ರಬಂಧ ಹಣ ಕೊಡದೆ ಯಾರು ಬೇಕಾದರೂ ಓದಬಹುದಾದ ಪತ್ರಿಕೆಯಲ್ಲಿ ಬಂತು. ಕೃತಜ್ಞತೆಯ ಸಾಲಿನಲ್ಲಿ ಉಮ್ಮನ ಹೆಸರಿದೆ. ಪ್ರತಿಯನ್ನು ಮಾರ್ಗದರ್ಶಕರಿಗೆ ಒಯ್ದು ಕೊಟ್ಟೆ. ಅವರು ನಿಧಾನವಾಗಿ ಪುಟ ತಿರುವಿ ಓದಿದರು. ಆಮೇಲೆ ಎದ್ದು ಕಪಾಟಿನ ಬೀಗ ತೆಗೆದರು. ಒಳಗೆ ಬಿಸ್ಕತ್ತಿನ ಡಬ್ಬಿಗಳ ತುಂಬ ಕ್ಯಾಸೆಟ್‌ಗಳು. ಪ್ರಾಯದಲ್ಲಿ ಚಾರ್ಮಾಡಿಯ ಬದಿಯಲ್ಲಿ ಅಲೆದು ತುಂಬಿಸಿದ ಹಕ್ಕಿಗಳ ದನಿ.

"ಯಾರಿಗೂ ಕೊಡಲಿಲ್ಲ. ನನಗೂ ಏನೂ ಮಾಡಲಿಕ್ಕೆ ಆಗಲಿಲ್ಲ" ಎಂದರು. "ಇದನ್ನು ಸಹ ಹಾಕುವ."

ಕಾಲೇಜಿನ ವಿದ್ಯಾರ್ಥಿಗಳು ಎಲ್ಲಿಂದಲೋ ಒಂದು ಟೇಪ್‌ರೆಕಾರ್ಡರ್ ಹುಡುಕಿ ತಂದರು. ಕೆಲವು ಕ್ಯಾಸೆಟ್‌ಗಳಿಗೆ ಬೂಸಲು ಹಿಡಿದು ಬರೀ ಗರಗರ. ಹೆಚ್ಚಿನವು ಹಾಡಿದವು. ಮೊದಲ ಕಂತನ್ನು ಇಂಟರ್ನೆಟ್ಟಿಗೆ ಏರಿಸುವಾಗ ಗುಂಡಿ ಒತ್ತಿದವರು ಮಾರ್ಗದರ್ಶಕರೇ. ಮರುದಿನ ನಾನು ಕ್ಲಾಸಿಗೆ ಹೊರಡುವಷ್ಟರಲ್ಲಿ ಅವರ ಫೋನ್ ಬಂತು.

"ಯಾರಾದರೂ ಕೇಳಿದರಾ?" ಎಂದು ವಿಚಾರಿಸಿದರು.

ನಿನ್ನೆ ಸಂಜೆ ತಾನೇ ಹಾಕಿದ್ದು ಸರ್, ಸ್ವಲ್ಪ ತಾಳಿ ಎಂದೆ. ಆದರೂ ಲ್ಯಾಪ್‌ಟಾಪ್ ತೆರೆದು ನೋಡಿದೆ. ಒಬ್ಬರು ಕೇಳಿದ್ದರು.